ಚಂಡಮಾರುತ ಹೇಳುವವರಿಗೆ ನಮ್ಮ ಆಲಿಕಲ್ಲು ಯಾಕೆ ಸಿಗಲ್ಲ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಮಾವು, ಒಂದು ಎಕರೆ ಟೊಮೆಟೊ. ಏಪ್ರಿಲ್ ಕೊನೆಯ ವಾರ ಸಂಜೆ ನಾಲ್ಕೂವರೆಗೆ ಆಲಿಕಲ್ಲು ಬಿತ್ತು. ಹತ್ತೇ ನಿಮಿಷ. ತೋತಾಪುರಿ ಕಾಯಿ ಅರ್ಧಕ್ಕರ್ಧ ನೆಲದಲ್ಲಿ. ಟೊಮೆಟೊ ಗಿಡದಲ್ಲಿ ಎಲೆಯೇ ಉಳಿಯಲಿಲ್ಲ. ಎರಡು ಕಿಲೋಮೀಟರ್ ಆಚೆ ನಮ್ಮ ಭಾವನ ಊರಲ್ಲಿ ಒಂದು ಹನಿ ಇಲ್ಲ. ಬೆಳಿಗ್ಗೆ ಫೋನಿನಲ್ಲಿ ನೋಡಿದ್ದೆ, ‘ಮಳೆ 30%’ ಅಂತ ಇತ್ತು. ಚಂಡಮಾರುತ ಬಂದರೆ ಮೂರ್ನಾಲ್ಕು ದಿನ ಮೊದಲೇ ಎಲ್ಲಿ ದಡ ಮುಟ್ಟುತ್ತೆ ಅಂತ ಹೇಳುತ್ತಾರೆ. ಅಷ್ಟೊಂದು ಉಪಗ್ರಹ, ರಾಡಾರ್ ಇಟ್ಟುಕೊಂಡು ನಮ್ಮ ಆಲಿಕಲ್ಲು ಯಾಕೆ ಹೇಳಲ್ಲ ಸಾರ್? ನಮ್ಮ ಕಡೆ ಏನು ಬಂದರೆ ಇದು ಸರಿಹೋಗುತ್ತೆ? ಇನ್ನೊಂದು. ಮೋಡಕ್ಕೆ ಹೊಡೆದು ಆಲಿಕಲ್ಲು ತಡೆಯೋ ಗನ್ ಇದೆಯಂತೆ. ನಾಲ್ಕು ಜನ ಸೇರಿ ತರಿಸೋಣ ಅಂತ ಮಾತಾಡುತ್ತಿದ್ದೇವೆ. ತರಿಸಬಹುದಾ?

ಉತ್ತರ: ಮೊದಲು ಚಂಡಮಾರುತದ ಮಾತು ಮುಗಿಸಿಬಿಡೋಣ. ಅದು ನೂರಾರು ಕಿಲೋಮೀಟರ್ ಅಗಲದ ಸುಳಿ. ಸಮುದ್ರದ ಮೇಲೆ ದಿನಗಟ್ಟಲೆ ಇರುತ್ತೆ, ನಿಧಾನಕ್ಕೆ ಬರುತ್ತೆ, ಉಪಗ್ರಹದ ಕಣ್ಣು ತಪ್ಪಿಸಿಕೊಳ್ಳೋಕೆ ಅದಕ್ಕೆ ಜಾಗವೇ ಇಲ್ಲ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತರು. ಅದೇ ಕರಾವಳಿಗೆ 2013ರಲ್ಲಿ ಫೈಲಿನ್ ಬಡಿದಾಗ ಸತ್ತವರು 50ಕ್ಕಿಂತ ಕಡಿಮೆ. ಮೊದಲೇ ತಿಳಿಯಿತು, ಲಕ್ಷಾಂತರ ಜನರನ್ನು ಮೊದಲೇ ಕರೆದೊಯ್ದರು. ನಮ್ಮ ಕಡೆಗೇ ಬಂದರೆ, 2021ರ ನವೆಂಬರ್ ನೆನಪಿರಬೇಕು ನಿಮಗೆ. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದವು, ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ಅದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ. ಅಂಥದ್ದು ದಿನಗಳ ಮೊದಲೇ ನಕ್ಷೆಯಲ್ಲಿ ಕಾಣುತ್ತೆ.

ನಿಮ್ಮ ತೋಟಕ್ಕೆ ಬಂದ ಮೋಡದ ಕಥೆಯೇ ಬೇರೆ. ಅದರ ಅಗಲ ಐದು, ಹೆಚ್ಚೆಂದರೆ ಹತ್ತು ಹದಿನೈದು ಕಿಲೋಮೀಟರ್. ಆಯಸ್ಸು ಒಂದು ಗಂಟೆ ಆಸುಪಾಸು. ಅದರಲ್ಲಿ ಆಲಿಕಲ್ಲು ಬೀಳುವ ಪಟ್ಟಿ ಎಷ್ಟೋ ಸಲ ಒಂದೆರಡು ಕಿಲೋಮೀಟರ್ ಅಗಲ ಅಷ್ಟೆ. ನಿಮ್ಮ ಭಾವನ ಊರು ಉಳಿದದ್ದು ಹಾಗೆ. ನೀವು ಬೆಳಿಗ್ಗೆ ಫೋನ್ ನೋಡುವ ಹೊತ್ತಿಗೆ ಆ ಮೋಡ ಇನ್ನೂ ಹುಟ್ಟೇ ಇರಲಿಲ್ಲ. ಇಲ್ಲದ ಮೋಡ ಎಲ್ಲಿ ಸುರಿಯುತ್ತೆ ಅಂತ ಜಗತ್ತಿನ ಯಾವ ಹವಾಮಾನ ಇಲಾಖೆಯೂ ಬೆಳಿಗ್ಗೆಯೇ ಹೇಳಲಾರದು.

ಹಾಗಂತ ಏನೂ ಹೇಳೋಕಾಗಲ್ಲ ಅಂತಲ್ಲ. ಈ ಕೆಲಸದಲ್ಲಿ ಎರಡು ಪಾಲು ಇದೆ. ‘ಇವತ್ತು ಅಂಥ ಮೋಡ ಹುಟ್ಟುವ ದಿನವೇ?’ ಅನ್ನೋದು ಒಂದು. ‘ಹುಟ್ಟಿದೆ, ಯಾವ ಕಡೆ ಹೊರಟಿದೆ?’ ಅನ್ನೋದು ಇನ್ನೊಂದು. ಮೊದಲನೆಯದನ್ನು ಹಿಂದಿನ ದಿನವೇ ತಕ್ಕಮಟ್ಟಿಗೆ ಹೇಳಬಹುದು, ಹೇಳುತ್ತಲೂ ಇದ್ದಾರೆ. ಎರಡನೆಯದಕ್ಕೆ ಹತ್ತಿರದಲ್ಲಿ ಕಣ್ಣು ಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ನಾವು ಸೋಲುತ್ತಿರುವುದು ಅಲ್ಲೇ ಅನ್ನೋದು ನನ್ನ ಅಭಿಪ್ರಾಯ.

ದಿನದ ಲೆಕ್ಕ ಶುರುವಾಗೋದು ಒಂದು ಬಲೂನಿನಿಂದ. ಬೆಂಗಳೂರಿನ ಹವಾಮಾನ ಕೇಂದ್ರದಿಂದ ಬಿಡುತ್ತಾರೆ. ಜಾತ್ರೆಯ ಬಲೂನಲ್ಲ, ಆಳೆತ್ತರದ ರಬ್ಬರ್ ಬಲೂನು. ಕೆಳಗೆ ದಾರದಲ್ಲಿ ಅಂಗೈ ಹಿಡಿಸುವಷ್ಟು ದೊಡ್ಡ ಹಗುರ ಡಬ್ಬಿ ತೂಗುತ್ತಿರುತ್ತೆ. ಅದಕ್ಕೆ ರೇಡಿಯೋಸಾಂಡ್ ಅನ್ನುತ್ತಾರೆ. ಸೆಕೆಂಡಿಗೆ ಐದು ಮೀಟರಿನಂತೆ ಏರುತ್ತಾ ಉಷ್ಣಾಂಶ, ತೇವ, ಒತ್ತಡ ಎಲ್ಲವನ್ನೂ ರೇಡಿಯೋದಲ್ಲಿ ಕೆಳಕ್ಕೆ ಕಳಿಸುತ್ತಾ ಹೋಗುತ್ತೆ. ಬಲೂನು ಗಾಳಿಗೆ ಎತ್ತ ಸರಿಯುತ್ತೋ ಅದರಿಂದ ಆಯಾ ಎತ್ತರದ ಗಾಳಿಯ ದಿಕ್ಕು, ವೇಗ ಗೊತ್ತಾಗುತ್ತೆ. ಮೇಲಕ್ಕೆ ಹೋದಷ್ಟೂ ಉಬ್ಬಿ, ಮೂವತ್ತು ಕಿಲೋಮೀಟರ್ ಹತ್ತಿರ ಒಡೆದು ಹೋಗುತ್ತೆ. ದೇಶದಲ್ಲಿ ಇಂಥ ಕೇಂದ್ರಗಳು ಐವತ್ತಕ್ಕೂ ಜಾಸ್ತಿ ಇವೆ.

ಬಲೂನು ಕಳಿಸಿದ ಅಂಕಿಗಳಲ್ಲಿ ಮುನ್ಸೂಚಕರು ಹುಡುಕೋದು ಕೆಲವೇ ಸಂಗತಿ. ನೆಲದ ಹತ್ತಿರ ತೇವ ತುಂಬಿದೆಯಾ? ಅದರ ಮೇಲೆ ಮೂರ್ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಒಣ ಗಾಳಿ ಇದೆಯಾ? ಮೇಲೆ ಹೋದಂತೆ ತಂಪು ಎಷ್ಟು ಬೇಗ ಜಾಸ್ತಿಯಾಗುತ್ತೆ? ಕೆಳಗಿನ ಗಾಳಿ ಒಂದು ದಿಕ್ಕು, ಮೇಲಿನ ಗಾಳಿ ಇನ್ನೊಂದು ದಿಕ್ಕಾ? ಇವೆಲ್ಲ ಕೂಡಿಬಂದ ದಿನ, ಬಿಸಿಲಿಗೆ ಕಾದ ಗಾಳಿ ಒಮ್ಮೆ ಮೇಲೇಳೋಕೆ ಶುರು ಮಾಡಿತೋ, ಹತ್ತು ಹನ್ನೆರಡು ಕಿಲೋಮೀಟರಿಗೂ ಮೇಲೆ ಹೋಗಿಯೇ ನಿಲ್ಲೋದು. ಏಪ್ರಿಲ್‌ನಲ್ಲಿ ನಮ್ಮ ಮೇಲೆ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು ಐದು ಕಿಲೋಮೀಟರ್. ಅಲ್ಲಿಂದ ಮೇಲೆ ಸೊನ್ನೆಗಿಂತ ತಣ್ಣಗಿದ್ದೂ ಇನ್ನೂ ನೀರಾಗಿಯೇ ಇರುವ ಹನಿಗಳು ಬೇಕಾದಷ್ಟು. ಒಂದು ಸಣ್ಣ ಮಂಜುಗಡ್ಡೆಯ ಚೂರಿಗೆ ಅವು ಅಂಟುತ್ತಾ ಹೋದರೆ ಆಲಿಕಲ್ಲು ಬೆಳೆಯುತ್ತೆ. ಕೆಳಗಿನಿಂದ ನುಗ್ಗುವ ಗಾಳಿ ಅದನ್ನು ಎತ್ತಿ ಹಿಡಿದಿರುವಷ್ಟು ಹೊತ್ತೂ ಬೆಳೆಯುತ್ತೆ. ಭಾರ ತಡೆಯೋಕಾಗದೆ ಹೋದಾಗ ನಿಮ್ಮ ತೋತಾಪುರಿ ಮೇಲೆ.

ಮಾರ್ಚಿಯಿಂದ ಮೇವರೆಗೆ, ಅದರಲ್ಲೂ ಅಶ್ವಿನಿ ಮುಗಿದು ಭರಣಿ ಹುಟ್ಟುವ ಹೊತ್ತಿಗೆ, ಇದು ಜಾಸ್ತಿ. ಒಳನಾಡಿನ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಒಂದು ಗೆರೆ ಬೀಳುತ್ತೆ. ಒಂದು ಕಡೆಯಿಂದ ಒಣ ಗಾಳಿ, ಇನ್ನೊಂದು ಕಡೆಯಿಂದ ಸಮುದ್ರದ ತೇವದ ಗಾಳಿ ಅಲ್ಲಿ ಎದುರಾಗುತ್ತವೆ. ಟಿವಿಯಲ್ಲಿ ‘ಟ್ರಫ್’ ಅಂತ ಹೇಳ್ತಾರಲ್ಲ, ಅದು. ಆ ಗೆರೆ ನಮ್ಮ ಮೇಲೆ ಇದ್ದ ದಿನ ಮಧ್ಯಾಹ್ನದ ಮೇಲೆ ಹುಷಾರಾಗಿರಬೇಕು.

ಇಲ್ಲೊಂದು ತೊಡಕಿದೆ. ಬಲೂನು ಹಾರೋದು ಜಗತ್ತಿನಾದ್ಯಂತ ಒಂದೇ ಗಡಿಯಾರಕ್ಕೆ. ನಮ್ಮ ಲೆಕ್ಕದಲ್ಲಿ ಅದು ಬೆಳಿಗ್ಗೆ ಐದೂವರೆ, ಸಂಜೆ ಐದೂವರೆಯ ವೀಕ್ಷಣೆ. ಬೆಳಿಗ್ಗೆಯದು ಹಾರುವಾಗ ನೆಲ ಇನ್ನೂ ತಣ್ಣಗಿರುತ್ತೆ. ಸಂಜೆಯದು ಹಾರುವ ಹೊತ್ತಿಗೆ ನಿಮ್ಮ ತೋಟದಲ್ಲಿ ಕಾಯಿ ಆರಿಸುತ್ತಿದ್ದಿರಿ. ಗಾಳಿ ಕಾದು, ತೇವ ಬಂದು ಸೇರಿ, ಎಲ್ಲ ಮಸಾಲೆ ಕೂಡಿಕೊಳ್ಳುವ ಹನ್ನೊಂದರಿಂದ ಮೂರು ಗಂಟೆಯ ನಡುವೆ ಮೇಲೆ ಏನಾಗುತ್ತಿದೆ ಅಂತ ಬಲೂನಿನಿಂದ ತಿಳಿಯೋ ದಾರಿ ಇಲ್ಲ. ಸಂಶೋಧನೆಗೆ ಅಂತ ವಿಶೇಷ ಅಭಿಯಾನ ನಡೆಸುವಾಗ ಮೂರು ಗಂಟೆಗೊಂದು ಬಲೂನು ಬಿಡೋದೂ ಉಂಟು. ದಿನವೂ ಹಾಗೆ ಮಾಡೋಕೆ ಖರ್ಚು ಜಾಸ್ತಿ.

ಈಗ ರಾಡಾರಿಗೆ ಬರೋಣ. ನಿಮ್ಮ ಪ್ರಶ್ನೆಯ ತಿರುಳೇ ಇದು ಅಂತ ನನಗನ್ನಿಸುತ್ತೆ, ಸ್ವಲ್ಪ ಲೆಕ್ಕ ಮಾಡಿಯೇ ನೋಡೋಣ.

ಬಹಳ ವರ್ಷಗಳಿಂದ ನಮ್ಮ ಕಡೆಯ ಮೋಡಗಳನ್ನು ನೋಡುತ್ತಾ ಬಂದಿರುವ ದೊಡ್ಡ ಡಾಪ್ಲರ್ ರಾಡಾರುಗಳು, ಅಂದರೆ ಮಳೆಯ ಜೊತೆ ಗಾಳಿಯ ವೇಗವನ್ನೂ ಅಳೆಯುವ ರಾಡಾರುಗಳು, ಚೆನ್ನೈ ಮತ್ತು ಶ್ರೀಹರಿಕೋಟಾದವು. ಚೆನ್ನೈಯದು 2002ರಲ್ಲಿ ಬಂತು. ಶ್ರೀಹರಿಕೋಟಾದ್ದನ್ನು ಇಸ್ರೋ ಜೊತೆ ಸೇರಿ ಕಟ್ಟಿದ್ದು ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆ. ಎರಡೂ ಇರೋದು ಸಮುದ್ರದ ದಡದಲ್ಲಿ, ಮುಖ್ಯವಾಗಿ ಚಂಡಮಾರುತ ಕಾಯೋದಕ್ಕೆ. ಶ್ರೀನಿವಾಸಪುರದಿಂದ ಚೆನ್ನೈ ರಾಡಾರಿಗೆ ನೇರ ಗೆರೆ ಎಳೆದರೆ ಸುಮಾರು 225 ಕಿಲೋಮೀಟರ್.

ರಾಡಾರಿನ ಕಿರಣ ಟಾರ್ಚ್ ಬೆಳಕಿದ್ದ ಹಾಗೆ. ದೂರ ಹೋದಷ್ಟೂ ಹರಡಿಕೊಳ್ಳುತ್ತೆ. ಜೊತೆಗೆ ಭೂಮಿ ಗುಂಡಗಿದೆ, ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತೆ. ಅದರಿಂದ ದೂರ ಹೋದಷ್ಟೂ ನೆಲ ಕೆಳಗೆ ಜಾರುತ್ತೆ, ಕಿರಣ ಮೇಲೇ ಉಳಿಯುತ್ತೆ. ಅತಿ ತಗ್ಗಿನ ಕೋನ, ಅಂದರೆ ಅರ್ಧ ಡಿಗ್ರಿ ಇಟ್ಟುಕೊಂಡರೂ, 225 ಕಿಲೋಮೀಟರ್ ದೂರದಲ್ಲಿ ಕಿರಣದ ನಡುಭಾಗ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ ಐದು ಕಿಲೋಮೀಟರ್ ಎತ್ತರಕ್ಕೆ ಹೋಗಿರುತ್ತೆ. ನಿಮ್ಮ ಊರೇ ಎಂಟುನೂರು ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಅದನ್ನು ಕಳೆದರೂ ನಿಮ್ಮ ಮಾವಿನ ಮರದ ತುದಿಯಿಂದ ನಾಲ್ಕು ಕಿಲೋಮೀಟರ್ ಮೇಲೆ. ಕಿರಣದ ಅಗಲ ಅಷ್ಟು ಹೊತ್ತಿಗೆ ಸುಮಾರು ನಾಲ್ಕು ಕಿಲೋಮೀಟರ್. ನಿಮ್ಮ ಊರು, ಭಾವನ ಊರು ಎರಡೂ ಅದರಲ್ಲಿ ಒಂದೇ ಚುಕ್ಕೆ. ತುಮಕೂರಿನವರ ಪಾಡು ಇನ್ನೂ ಕಷ್ಟ. ಅಲ್ಲಿಗೆ ಚೆನ್ನೈ ಕಿರಣ ಮುಟ್ಟುವಾಗ ಸುಮಾರು ಹತ್ತು ಕಿಲೋಮೀಟರ್ ಎತ್ತರ. ಮೋಡದ ನೆತ್ತಿ ಬಿಟ್ಟರೆ ಬೇರೇನೂ ಸಿಗಲ್ಲ.

ನೀವು ಕೇಳಬಹುದು, ಆಲಿಕಲ್ಲು ಬೆಳೆಯೋದೇ ಐದು ಕಿಲೋಮೀಟರಿಂದ ಮೇಲೆ ಅಂದ್ರಲ್ಲ, ಹಾಗಾದರೆ ಚೆನ್ನೈ ರಾಡಾರಿಗೆ ಅದು ಕಾಣಲೇಬೇಕಲ್ವಾ? ಕಾಣುತ್ತೆ. ಬಲಿತ ಮೋಡದ ಹೊಟ್ಟೆ ಕೋಲಾರ ಜಿಲ್ಲೆಯ ಮೇಲೆ ಕೆಂಪಗೆ ಉರಿಯೋದು ಆ ತೆರೆಯ ಮೇಲೆ ಚೆನ್ನಾಗಿಯೇ ಕಾಣುತ್ತೆ. ಕಾಣದಿರೋದು ಅದರ ಹುಟ್ಟು. ಎರಡು ಗಾಳಿ ಎಲ್ಲಿ ಡಿಕ್ಕಿ ಹೊಡೆದವು, ಮೊದಲ ಮಳೆ ಎಲ್ಲಿಂದ ಇಳಿಯಿತು, ಆ ಮಳೆಯ ತಣ್ಣನೆ ಗಾಳಿ ನೆಲ ಮುಟ್ಟಿ ಯಾವ ಕಡೆ ಹರಿಯಿತು, ಇದೆಲ್ಲ ನಡೆಯೋದು ನೆಲದಿಂದ ಎರಡು ಕಿಲೋಮೀಟರ್ ಒಳಗೆ. ಅದು ಗೊತ್ತಾದರೆ ಇನ್ನರ್ಧ ಗಂಟೆ ಮೊದಲೇ ಎಚ್ಚರಿಕೆ ಕೊಡಬಹುದು. ಗೊತ್ತಾಗದೆ ಬರೀ ಹೊಟ್ಟೆ ನೋಡಿ ಹೇಳಿದರೆ, ಎಚ್ಚರಿಕೆ ನಿಮ್ಮ ಫೋನಿಗೆ ಬರುವ ಹೊತ್ತಿಗೆ ಶೀಟಿನ ಮೇಲೆ ಟಪಟಪ ಶುರುವಾಗಿರುತ್ತೆ.

ಇದೇ ಲೆಕ್ಕವನ್ನು ಬೆಂಗಳೂರಲ್ಲಿ ಒಂದು ರಾಡಾರ್ ಇಟ್ಟು ಮಾಡಿ ನೋಡಿ. ಅಲ್ಲಿಂದ ಶ್ರೀನಿವಾಸಪುರಕ್ಕೆ ನೇರ ದೂರ ಎಂಬತ್ತು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಕಿರಣ ನಿಮ್ಮ ತೋಟದ ಮೇಲೆ ಒಂದು ಕಿಲೋಮೀಟರ್ ಚಿಲ್ಲರೆ ಎತ್ತರದಲ್ಲಿ ಹಾಯುತ್ತೆ, ಅಗಲ ಒಂದೂವರೆ ಕಿಲೋಮೀಟರಿಗೂ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಪಟ್ಟಣಗಳೆಲ್ಲ ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ಒಳಗೇ ಸಿಗುತ್ತವೆ. ಹೊಸ ರಾಡಾರುಗಳು ಅಡ್ಡಕ್ಕೆ ಅಲುಗುವ ಅಲೆ, ಮೇಲೆ ಕೆಳಗೆ ಅಲುಗುವ ಅಲೆ ಎರಡನ್ನೂ ಕಳಿಸುತ್ತವೆ. ದೊಡ್ಡ ಮಳೆಹನಿ ಬೀಳುವಾಗ ಚಪ್ಪಟೆಯಾಗುತ್ತೆ, ಆಲಿಕಲ್ಲು ಉರುಳಾಡಿಕೊಂಡು ಬರುತ್ತೆ. ಎರಡು ಅಲೆಗಳ ಮಾರ್ದನಿ ಹೋಲಿಸಿದರೆ ಜೋರು ಮಳೆ ಯಾವುದು, ಆಲಿಕಲ್ಲು ಯಾವುದು ಅಂತ ಬೇರೆ ಮಾಡಬಹುದು. ಬೆಂಗಳೂರಿಗೆ ರಾಡಾರ್ ಬೇಕು ಅಂದಾಗೆಲ್ಲ ಪತ್ರಿಕೆಗಳು ರಸ್ತೆಯಲ್ಲಿ ನೀರು ನಿಂತ ಫೋಟೋ ಹಾಕುತ್ತವೆ. ಸುತ್ತಲಿನ ಮಾವು, ದ್ರಾಕ್ಷಿ, ಟೊಮೆಟೊದ ಮಾತು ಯಾರೂ ಎತ್ತಲ್ಲ. ನನಗೆ ಕೇಳಿದರೆ ಅದರಿಂದ ಹೆಚ್ಚು ಲಾಭ ಆಗೋದು ನಿಮಗೇ.

ಉಪಗ್ರಹದ ಬಗ್ಗೆ ಚುಟುಕಾಗಿ ಹೇಳ್ತೇನೆ. ಇನ್ಸಾಟ್-3ಡಿಆರ್ 2016ರಿಂದ ಇದೆ, ಇನ್ಸಾಟ್-3ಡಿಎಸ್ 2024ರ ಫೆಬ್ರುವರಿಯಲ್ಲಿ ಹಾರಿತು. ಎರಡೂ 36 ಸಾವಿರ ಕಿಲೋಮೀಟರ್ ಮೇಲೆ ಕೂತು ಅರ್ಧ ಗಂಟೆಗೊಂದರಂತೆ ಚಿತ್ರ ತೆಗೆಯುತ್ತವೆ. ಸರದಿ ಹೊಂದಿಸಿದರೆ ಕಾಲು ಗಂಟೆಗೊಂದು. ಮೋಡದ ನೆತ್ತಿ ಎಷ್ಟು ತಣ್ಣಗಾಯಿತು ಅಂತ ತೋರಿಸುವ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನಾಲ್ಕು ಕಿಲೋಮೀಟರ್. ಹತ್ತಿಯಂತಿದ್ದ ಮೋಡ ಅರ್ಧ ಗಂಟೆಯಲ್ಲಿ ಗುಡುಗುವ ಬೆಟ್ಟ ಆಗೋ ದಿನ, ಎರಡು ಚಿತ್ರಗಳ ನಡುವೆ ಅರ್ಧ ಕಥೆ ಮುಗಿದಿರುತ್ತೆ.

ಫೋನಿನ ‘30%’ ಬಂದದ್ದು ಬಹುಶಃ ಕಂಪ್ಯೂಟರ್ ಮಾದರಿಯೊಂದರಿಂದ, ಅಂದರೆ ಇವತ್ತಿನ ಗಾಳಿ, ತೇವದ ಅಂಕಿಯಿಂದ ಮುಂದಿನದನ್ನು ಲೆಕ್ಕ ಹಾಕುವ ಪ್ರೋಗ್ರಾಮಿನಿಂದ. ಫೋನಿನ ಜೊತೆ ಬರುವ ಎಷ್ಟೋ ಹವಾಮಾನ ಆ್ಯಪ್‌ಗಳು ನಮ್ಮ ಹವಾಮಾನ ಇಲಾಖೆಯವಲ್ಲ. ಅವು ಇಡೀ ಜಗತ್ತಿಗೆ ಓಡುವ ಮಾದರಿಯಿಂದ ಒಂದು ಅಂಕಿ ತೆಗೆದು ನಿಮ್ಮ ಊರಿನ ಹೆಸರಿನ ಕೆಳಗೆ ಅಂಟಿಸುತ್ತವೆ. ಇವತ್ತಿನಂಥ ಹತ್ತು ದಿನ ಬಂದರೆ ಮೂರು ದಿನ ಮಳೆ ಅನ್ನೋದಷ್ಟೇ ಅದರ ಅರ್ಥ. ಆ ಮಳೆ ತುಂತುರೋ ಆಲಿಕಲ್ಲೋ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಹವಾಮಾನ ಸಂಶೋಧನೆ ಮಾಡುವ ಪುಣೆಯ ಐಐಟಿಎಂ ಸಂಸ್ಥೆ ಕಟ್ಟಿದ ನಮ್ಮದೇ ಮಾದರಿ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 2025ರ ಮೇಯಲ್ಲಿ ಬಳಕೆಗೆ ಬಂತು. ಮಾದರಿ ನೆಲವನ್ನು ಚೌಕಗಳಾಗಿ ಹಂಚಿಕೊಂಡು ಒಂದೊಂದಕ್ಕೂ ಲೆಕ್ಕ ಹಾಕುತ್ತೆ. ಮೊದಲು 12 ಕಿಲೋಮೀಟರ್ ಇದ್ದ ಚೌಕವನ್ನು ಈಗ 6 ಕಿಲೋಮೀಟರಿಗೆ ಇಳಿಸಿದ್ದಾರೆ. ದೊಡ್ಡ ಹೆಜ್ಜೆಯೇ. ಆದರೂ ಒಂದು ಗುಡುಗು ಮೋಡವನ್ನು ಮೋಡವಾಗಿಯೇ ಲೆಕ್ಕ ಹಾಕಬೇಕಾದರೆ ಚೌಕ ಒಂದೆರಡು ಕಿಲೋಮೀಟರಿಗೆ ಇಳಿಯಬೇಕು. ಇಳಿಸಿದ ಮೇಲೂ ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಹೋಬಳಿಯ ಗಾಳಿ ಹೇಗಿತ್ತು ಅಂತ ಯಾರಾದರೂ ಅದಕ್ಕೆ ತಿಳಿಸಬೇಕು. ಅಳತೆ ಇಲ್ಲದೆ ಕಂಪ್ಯೂಟರ್ ಎಷ್ಟು ದೊಡ್ಡದಿದ್ದರೂ ಸುಮ್ನೆ. ಈಗ ಎಐ ಮಾದರಿಗಳ ಸುದ್ದಿ ಜೋರಾಗಿದೆ. ಚಂಡಮಾರುತದ ದಾರಿ ಹೇಳೋದರಲ್ಲಿ ಅವು ಚೆನ್ನಾಗಿವೆ. ಆಲಿಕಲ್ಲಿಗೆ ಅವುಗಳಿಂದ ಇಷ್ಟು ಬೇಗ ಏನೂ ಬಯಸಬೇಡಿ. ಕಲಿಯೋಕೆ ಹಳೆಯ ದಾಖಲೆ ಬೇಕು, ನಮ್ಮಲ್ಲಿ ಆಲಿಕಲ್ಲಿನ ದಾಖಲೆ ಮರುದಿನದ ಪತ್ರಿಕೆಯಲ್ಲಿ ಬಿಟ್ಟರೆ ಇನ್ನೆಲ್ಲಿದೆ?

ನಮ್ಮ ರಾಜ್ಯಕ್ಕೆ ಒಂದು ಹೆಚ್ಚುಗಾರಿಕೆ ಇದೆ, ಅದನ್ನು ನಾವು ಸರಿಯಾಗಿ ಬಳಸಿಕೊಂಡಿಲ್ಲ. ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರದ ಮೇಲೆ ಕಣ್ಣಿಡುವ ಸಣ್ಣ ಘಟಕವಾಗಿ ಶುರುವಾದದ್ದು. ಇವತ್ತು ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣಾಂಶ, ತೇವ ಅಳೆಯುವ ಕೇಂದ್ರ ಅಂತ ಇಟ್ಟಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಅಂಕಿ ಕಳಿಸುತ್ತವೆ. ಇಷ್ಟು ದಟ್ಟವಾದ ಜಾಲ ದೇಶದಲ್ಲಿ ಅಪರೂಪ.

ಇದರಿಂದ ಆಲಿಕಲ್ಲಿಗೆ ಏನು ಉಪಯೋಗ? ಗುಡುಗು ಮೋಡ ಸುರಿಯೋಕೆ ಶುರು ಮಾಡಿದರೆ ಅದರ ಕೆಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ನಾಲ್ಕೂ ಕಡೆ ಹರಡುತ್ತೆ. ಬಿಸಿಲಲ್ಲಿ ಬೆವರುತ್ತಾ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಧೂಳೆದ್ದು ತಣ್ಣನೆ ಗಾಳಿ ಬೀಸುತ್ತಲ್ಲ, ಅದೇ. ಹೋಬಳಿ ಕೇಂದ್ರದಲ್ಲಿ ಕಾಲು ಗಂಟೆಯಲ್ಲಿ ಉಷ್ಣಾಂಶ ಏಳೆಂಟು ಡಿಗ್ರಿ ಇಳಿದು, ಗಾಳಿಯ ದಿಕ್ಕು ತಿರುಗಿ, ವೇಗ ಏರಿತು ಅಂದರೆ ಆ ತಣ್ಣನೆ ಗಾಳಿಯ ಅಂಚು ಅಲ್ಲಿ ಹಾದುಹೋಯಿತು ಅಂತ. ಆ ಅಂಚೇ ಮುಂದಿನ ಮೋಡ ಎಬ್ಬಿಸುವುದು. ಚಿಂತಾಮಣಿ ಕಡೆಯ ಕೇಂದ್ರದಲ್ಲಿ ಮೂರೂಕಾಲಿಗೆ ಹೀಗಾಗಿ, ಅದರ ಪಕ್ಕದ ಹೋಬಳಿಯಲ್ಲಿ ಮೂರೂವರೆಗೆ ಆದರೆ, ನಿಮ್ಮ ಕಡೆಗೆ ಹೊರಟಿದೆಯಾ ಇಲ್ಲವಾ ಅಂತ ನಕ್ಷೆಯ ಮೇಲೆ ಗೆರೆ ಎಳೆಯಬಹುದು. ರಾಡಾರಿಗೆ ಕಾಣದ ಕೆಳಗಿನ ಎರಡು ಕಿಲೋಮೀಟರನ್ನು ಸ್ವಲ್ಪ ಮಟ್ಟಿಗಾದರೂ ನೆಲದಿಂದ ನೋಡುವ ದಾರಿ ಇದು.

ಅಂಕಿ ಸರಿಯಾಗಿ ಬರಬೇಕಾದರೆ ಉಪಕರಣ ಚೊಕ್ಕಟವಾಗಿರಬೇಕು. ಮಳೆಮಾಪಕದ ಒಳಗೆ ನೋಡಿದ್ದೀರಾ? ಮೇಲೆ ಒಂದು ಆಲಿಕೆ. ಕೆಳಗೆ ಎರಡು ಪುಟ್ಟ ಬಟ್ಟಲುಗಳ ತೂಗುಮಣೆ. ಒಂದು ತುಂಬಿದರೆ ಬಾಗಿ ಚೆಲ್ಲುತ್ತೆ, ಇನ್ನೊಂದು ಮೇಲೆ ಬರುತ್ತೆ, ‘ಟಿಕ್’ ಅಂತ ಒಂದು ಎಣಿಕೆ. ಆಲಿಕೆಯ ಬಾಯಲ್ಲಿ ಜೇಡ ಬಲೆ ಕಟ್ಟಿದರೆ, ಹೊಂಗೆ ಎಲೆ ಬಿದ್ದರೆ ಎಣಿಕೆ ನಿಂತಿತು. ಆಲಿಕಲ್ಲು ಬಿದ್ದಾಗ ಇನ್ನೊಂದು ಫಜೀತಿ. ಕಲ್ಲು ಆಲಿಕೆಯಲ್ಲೇ ಕೂತು ನಿಧಾನಕ್ಕೆ ಕರಗುತ್ತೆ, ಕೆಲವು ಪುಟಿದು ಹೊರಗೇ ಹೋಗುತ್ತವೆ. ಹಾಗಾಗಿ ನಾಲ್ಕೂವರೆಗೆ ಬಿದ್ದದ್ದು ಮಾಪಕದಲ್ಲಿ ತಡವಾಗಿ, ಕಡಿಮೆಯಾಗಿ ದಾಖಲಾಗಬಹುದು. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ. ಮುಟ್ಟಬೇಡಿ. ಗಿಡ ಬೆಳೆದು ಮುಚ್ಚಿದ್ದರೆ ಪಂಚಾಯಿತಿಯಲ್ಲಿ ಹೇಳಿ. ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕಕ್ಕೂ ಇಂಥ ಉಪಕರಣಗಳ ಅಂಕಿಯೇ ಆಧಾರ ಅನ್ನೋದು ನೆನಪಿರಲಿ.

ಇನ್ನೊಂದು ಸುಳಿವು ಮಿಂಚಿನದು. ಮೋಡದೊಳಗೆ ಮಂಜುಗಡ್ಡೆಯ ಚೂರುಗಳು ಒಂದಕ್ಕೊಂದು ಉಜ್ಜಿದಷ್ಟೂ ವಿದ್ಯುತ್ ಜಾಸ್ತಿ. ಮೇಲೇಳುವ ಗಾಳಿ ಇದ್ದಕ್ಕಿದ್ದ ಹಾಗೆ ಬಲವಾದರೆ ಮಿಂಚಿನ ಎಣಿಕೆಯೂ ಇದ್ದಕ್ಕಿದ್ದ ಹಾಗೆ ಜಿಗಿಯುತ್ತೆ. ಆ ಜಿಗಿತವಾಗಿ ಹತ್ತಿಪ್ಪತ್ತು ನಿಮಿಷಕ್ಕೆ ಆಲಿಕಲ್ಲು ಇಲ್ಲವೇ ಬಿರುಗಾಳಿ ಇಳಿಯೋದನ್ನು ಸಂಶೋಧಕರು ಎಷ್ಟೋ ಮೋಡಗಳಲ್ಲಿ ಕಂಡಿದ್ದಾರೆ. ಪ್ರತಿ ಸಲವೂ ಆಗಲ್ಲ. ಆದರೂ ನಮ್ಮಂಥ ಕಡೆ, ರಾಡಾರ್ ದೂರ ಇರುವ ಕಡೆ, ಇದು ಅಗ್ಗದ ಕಣ್ಣು. ಐಐಟಿಎಂನವರ ‘ದಾಮಿನಿ’, ಯಲಹಂಕದ ಕೇಂದ್ರದವರ ‘ಸಿಡಿಲು’ ಆ್ಯಪ್‌ಗಳು ಮಿಂಚು ಎಲ್ಲಿ ಹೊಡೆಯುತ್ತಿದೆ ಅಂತ ಆಗಿಂದಾಗ್ಗೆ ತೋರಿಸುತ್ತವೆ.

ನಮ್ಮ ಕಡೆ ಏನು ಬರಬೇಕು ಅಂತ ಕೇಳಿದ್ದೀರಿ. ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಊರಿನಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ, ಚಿತ್ತೂರು ದಾಟಿ ತಿರುಪತಿಗೆ ಹೋಗುವ ಕಡೆ ಗಾದಂಕಿ ಅಂತ ಊರಿದೆ. ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ ಅಲ್ಲೇ ಇರೋದು. 1024 ಆಂಟೆನಾಗಳನ್ನು ಹೊಲದಲ್ಲಿ ನೆಟ್ಟ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. ಮೋಡವೇ ಇಲ್ಲದ ಆಕಾಶದಲ್ಲೂ ಗಾಳಿ ಯಾವ ಎತ್ತರದಲ್ಲಿ ಯಾವ ಕಡೆ ಬೀಸುತ್ತಿದೆ ಅಂತ ಆ ರಾಡಾರ್ ಅಳೆಯಬಲ್ಲದು. (ಗೌರಿಬಿದನೂರಿನ ಹತ್ತಿರವೂ ಇಂಥದ್ದೇ ಆಂಟೆನಾ ಸಾಲು ಇದೆ, ನೋಡಿದವರು ಮಳೆ ಹೇಳೋ ಯಂತ್ರ ಅಂದುಕೊಳ್ಳುತ್ತಾರೆ. ಅದು ಸೂರ್ಯನನ್ನೂ ಆಕಾಶವನ್ನೂ ರೇಡಿಯೋ ಅಲೆಯಲ್ಲಿ ನೋಡೋದು, ನಮ್ಮ ಮಳೆಗೂ ಅದಕ್ಕೂ ಸಂಬಂಧವಿಲ್ಲ.) ಗಾದಂಕಿಯದು ಸಂಶೋಧನೆಗೆ ಕಟ್ಟಿದ್ದು. ಅದೇ ತತ್ವದ ಸಣ್ಣ ಉಪಕರಣಗಳು ಇವೆ, ಐದಾರು ಕಿಲೋಮೀಟರ್ ಎತ್ತರದವರೆಗಿನ ಗಾಳಿಯನ್ನು ದಿನವಿಡೀ ಅಳೆಯುತ್ತವೆ. ತೇವ ಮತ್ತು ಉಷ್ಣಾಂಶಕ್ಕೆ ಮೈಕ್ರೋವೇವ್ ರೇಡಿಯೋಮೀಟರ್ ಅಂತ ಪೆಟ್ಟಿಗೆ ಬರುತ್ತೆ, ನೆಲದಲ್ಲಿ ಕೂತೇ ಕೆಲವು ನಿಮಿಷಕ್ಕೊಮ್ಮೆ ಮೇಲಿನ ಸ್ಥಿತಿ ಹೇಳುತ್ತೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ‘ಮಿಷನ್ ಮೌಸಮ್’ ಎಂಬ 2,000 ಕೋಟಿ ರೂಪಾಯಿಯ ಯೋಜನೆಯಲ್ಲಿ ರಾಡಾರ್ ಜೊತೆ ಇಂಥವುಗಳಿಗೂ ಜಾಗ ಇದೆ.

ಆಯ್ಕೆ ನನ್ನ ಕೈಲಿದ್ದರೆ ಎರಡು ಕೇಳುತ್ತಿದ್ದೆ. ಒಂದು, ನೂರು ಕಿಲೋಮೀಟರ್ ಒಳಗೆ ಆಲಿಕಲ್ಲು ಗುರುತಿಸಬಲ್ಲ ರಾಡಾರ್. ಅದಕ್ಕೆ ಸಮಯ ಹಿಡಿಯುತ್ತೆ, ದುಡ್ಡು ಹಿಡಿಯುತ್ತೆ. ಇನ್ನೊಂದನ್ನು ಬರುವ ಬೇಸಿಗೆಯಲ್ಲೇ ಮಾಡಬಹುದು. ಏಪ್ರಿಲ್, ಮೇ ಎರಡು ತಿಂಗಳು, ಬೆಳಿಗ್ಗೆಯ ಬಲೂನು ‘ಇವತ್ತು ಅಪಾಯ’ ಅಂದ ದಿನ ಮಾತ್ರ, ಹನ್ನೊಂದೂವರೆಗೆ ಇನ್ನೊಂದು ಬಲೂನು. ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ.

ಇರೋದರಲ್ಲೇ ನೀವೇನು ಮಾಡಬಹುದು? ಹಿಂದಿನ ಸಂಜೆ ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ನೋಡಿ, ‘ಮೌಸಮ್’ ಆ್ಯಪ್‌ನಲ್ಲಿ ಸಿಗುತ್ತೆ. ಕೋಲಾರ ಜಿಲ್ಲೆಗೆ ಹಳದಿ ಇಲ್ಲವೇ ಕಿತ್ತಳೆ ಬಣ್ಣ ಇದ್ದು, ಗುಡುಗು, ಬಿರುಗಾಳಿ, ಆಲಿಕಲ್ಲು ಅನ್ನುವ ಮಾತು ಇದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳಿ. ‘ಅಲ್ಲಲ್ಲಿ’ ಅಂತ ಬರೆದಿದ್ದಾರೆ ಅಂತ ತಾತ್ಸಾರ ಬೇಡ. ಇಲಾಖೆಯ ಪದ್ಧತಿಯಲ್ಲಿ ಜಿಲ್ಲೆಯ ಕಾಲು ಭಾಗದವರೆಗಿನ ಕೇಂದ್ರಗಳಲ್ಲಿ ಮಳೆ ಬರುವಂತಿದ್ದರೆ ಹಾಗೆ ಬರೆಯುತ್ತಾರೆ. ಆಲಿಕಲ್ಲು ಯಾವತ್ತೂ ಬರೋದೇ ಹಾಗೆ, ಅಲ್ವಾ? ಆ ದಿನ ಟೊಮೆಟೊ ಕೊಯ್ಲನ್ನು ಬೆಳಿಗ್ಗೆಯೇ ಮುಗಿಸಿ, ಕ್ರೇಟುಗಳನ್ನು ಒಳಗಿಡಿ. ಔಷಧಿ ಹೊಡೆಯೋದನ್ನು ಮುಂದಕ್ಕೆ ಹಾಕಿ.

ಮಧ್ಯಾಹ್ನ ಎರಡು ಗಂಟೆಯಿಂದ ಬೇರೆ ಕೆಲಸ. ಇಲಾಖೆ ಮೂರು ಗಂಟೆಯ ಅವಧಿಗೆ ತಕ್ಷಣದ ಎಚ್ಚರಿಕೆ ಕೊಡುತ್ತೆ, ಅದನ್ನು ನೋಡುತ್ತಿರಿ. ದಾಮಿನಿಯಲ್ಲಿ ಮಿಂಚಿನ ಚುಕ್ಕೆ ಯಾವ ಕಡೆಯಿಂದ ದಟ್ಟವಾಗುತ್ತಿದೆ ನೋಡಿ. ಏಪ್ರಿಲ್ ಮೋಡ ಇಂಥ ದಿಕ್ಕಿನಿಂದಲೇ ಬರುತ್ತೆ ಅಂತ ನಂಬಬೇಡಿ, ದಿನದಿಂದ ದಿನಕ್ಕೆ ಬದಲಾಗುತ್ತೆ. ಅನುಮಾನ ಬಂದರೆ ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ, ರೈತರಿಗೆ ಅಂತಲೇ ಇಟ್ಟಿದ್ದಾರೆ. ಮಿಂಚು ಹತ್ತಿರವಾಯಿತು ಅಂದರೆ ಮೊದಲು ಆಳುಗಳನ್ನು ಮರದ ಕೆಳಗಿಂದ ಮನೆಗೋ ಶೆಡ್ಡಿಗೋ ಕಳಿಸಿ. ಮಾವಿನ ಕಾಯಿಗೆ ಆ ಹೊತ್ತಿನಲ್ಲಿ ಮಾಡುವಂಥದ್ದು ಏನೂ ಇಲ್ಲ, ಇದನ್ನು ಮುಚ್ಚಿಡೋದು ಬೇಡ. ಏಪ್ರಿಲ್ ಕೊನೆಗೆ ತೋತಾಪುರಿ ಬಲಿತೂ ಇರಲ್ಲ, ಕೀಳೋಕೂ ಆಗಲ್ಲ. ಬಿದ್ದ ಮೇಲೆ ಟೊಮೆಟೊ ಗಿಡದ ಗಾಯಕ್ಕೆ ಏನು ಹೊಡೆಯಬೇಕು ಅಂತ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಡಮಾಡದೆ ಕೇಳಿ.

ಇನ್ನು ನೀವು ನಮಗೆ, ಅಂದರೆ ಈ ಕೆಲಸ ಮಾಡುವವರಿಗೆ, ಮಾಡಬಹುದಾದ ಸಹಾಯ ಒಂದಿದೆ. ಅಮೆರಿಕದಲ್ಲಿ 2025ರ ಬೇಸಿಗೆಯಲ್ಲಿ ಐಸ್‌ಚಿಪ್ ಅನ್ನೋ ಅಭಿಯಾನ ನಡೆಯಿತು. ಲಾರಿ ಮೇಲೆ ರಾಡಾರ್ ಕೂರಿಸಿಕೊಂಡು ಆಲಿಕಲ್ಲು ಮೋಡಗಳ ಹಿಂದೆ ವಾರಗಟ್ಟಲೆ ಓಡಾಡಿದರು. ಅಷ್ಟು ದೊಡ್ಡ ಯಂತ್ರಗಳ ಜೊತೆಗೆ ಅವರು ಬಳಸಿದ ಒಂದು ಸಾಧನ ನಮ್ಮ ಶಾಲೆ ಮಕ್ಕಳೂ ಮಾಡಬಹುದಾದದ್ದು, ಆಲಿಕಲ್ಲಿನ ಹಲಗೆ. ಒಂದಡಿ ಚೌಕದ ಗಟ್ಟಿ ಥರ್ಮಾಕೋಲ್, ಮೇಲೆ ದಪ್ಪ ಅಲ್ಯುಮಿನಿಯಂ ಹಾಳೆ ಸುತ್ತಿ, ಬಯಲಲ್ಲಿ ಕಂಬದ ಮೇಲೆ ಅಲುಗಾಡದಂತೆ ಕೂರಿಸೋದು. ಕಲ್ಲು ಬಿದ್ದರೆ ಗುಳಿ ಬೀಳುತ್ತೆ. ಗುಳಿಯ ಅಗಲದಿಂದ ಕಲ್ಲಿನ ಗಾತ್ರ, ಎಣಿಕೆಯಿಂದ ಎಷ್ಟು ಬಿತ್ತು ಅನ್ನೋದು ತಿಳಿಯುತ್ತೆ. ಅಲ್ಲೇ ಕೊಲರಾಡೋದಲ್ಲಿ 1998ರಿಂದ ರೈತರು, ಮೇಷ್ಟ್ರುಗಳು ಸೇರಿ ಇಂಥ ಹಲಗೆ, ಮಳೆಮಾಪಕ ಇಟ್ಟು ದಿನವೂ ಅಂಕಿ ಕಳಿಸುತ್ತಾ ಬಂದು, ಈಗ ದೇಶವೆಲ್ಲ ಹಬ್ಬಿದೆ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಶಾಲೆಗಳಲ್ಲಿ ತಲಾ ಒಂದು ಹಲಗೆ ಇದ್ದರೆ ನಾಲ್ಕೈದು ಬೇಸಿಗೆಯಲ್ಲಿ ನಮ್ಮ ಆಲಿಕಲ್ಲಿನ ನಕ್ಷೆಯೇ ಸಿಗುತ್ತೆ. ಅದು ಸಿಕ್ಕರೆ ಚೆನ್ನೈ ರಾಡಾರಿನ ಹಳೆಯ ಚಿತ್ರಗಳ ಪಕ್ಕ ಇಟ್ಟು, ಯಾವ ಬಣ್ಣ ಬಂದಾಗ ನಿಜವಾಗಿ ಕಲ್ಲು ಬಿತ್ತು ಅಂತ ತಾಳೆ ನೋಡಬಹುದು.

ಹಲಗೆ ಇಲ್ಲದಿದ್ದರೂ ಮುಂದಿನ ಸಲ ಕಲ್ಲು ಬಿದ್ದ ತಕ್ಷಣ ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಫೋನಿನಲ್ಲಿ ಜಾಗ, ಸಮಯ ದಾಖಲಾಗುವಂತೆ ಇರಲಿ. ವಿಮೆಗೂ ಬೇಕಾಗುತ್ತೆ. ಫಸಲ್ ಬಿಮಾದಲ್ಲಿ ಆಲಿಕಲ್ಲು ಸ್ಥಳೀಯ ವಿಪತ್ತು ಅಂತ ಲೆಕ್ಕ, 72 ಗಂಟೆಯೊಳಗೆ ತಿಳಿಸಲೇಬೇಕು. ನಿಮ್ಮ ಮಾವು, ಟೊಮೆಟೊ ಯಾವ ವಿಮೆಯ ಕೆಳಗೆ ಬರುತ್ತೆ, ಅದರಲ್ಲಿ ಆಲಿಕಲ್ಲು ಸೇರಿದೆಯಾ ಅಂತ ಕಂತು ಕಟ್ಟುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.

ಕೊನೆಗೆ ಗನ್ ವಿಷಯ. ತರಿಸಬೇಡಿ. ಅನಿಲ ಸಿಡಿಸಿ ಸದ್ದಿನ ಅಲೆ ಮೋಡಕ್ಕೆ ಕಳಿಸಿ ಆಲಿಕಲ್ಲು ಕಟ್ಟದಂತೆ ಮಾಡುತ್ತೇವೆ ಅಂತ ಮಾರುವವರು ಹೇಳುತ್ತಾರೆ. ಹಿಮಾಚಲದ ಸೇಬಿನ ತೋಟಗಳಲ್ಲೂ ಹಾಕಿಸಿದ್ದಾರೆ. ಆದರೆ ಅದು ಕೆಲಸ ಮಾಡುತ್ತೆ ಅನ್ನೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ, ವಿಶ್ವ ಹವಾಮಾನ ಸಂಸ್ಥೆಯೂ ಹಾಗೇ ಹೇಳಿದೆ. ಆಲಿಕಲ್ಲಿನ ಮೋಡದೊಳಗೆ ಗುಡುಗೇ ನೂರಾರು ಸಲ ಸಿಡಿಯುತ್ತಿರುತ್ತೆ. ಅಷ್ಟು ಸದ್ದಿಗೆ ಕರಗದ ಕಲ್ಲು ನೆಲದಿಂದ ಹೊಡೆದ ಸದ್ದಿಗೆ ಕರಗುತ್ತಾ? ನಾಲ್ಕು ಜನ ಸೇರಿ ಹಾಕುವ ದುಡ್ಡಿದ್ದರೆ ಟೊಮೆಟೊ ಮೇಲೆ ಆಲಿಕಲ್ಲು ತಡೆಯುವ ಬಲೆ ಕಟ್ಟಿಸಿ. ಕಂಬ ಗಟ್ಟಿಯಾಗಿರಲಿ, ಬಲೆಗೆ ಇಳಿಜಾರು ಕೊಡಿ. ಮಟ್ಟವಾಗಿ ಕಟ್ಟಿದರೆ ಕಲ್ಲು ಗುಡ್ಡೆಯಾಗಿ ಬಲೆಯೇ ಗಿಡದ ಮೇಲೆ ಕುಸಿಯುತ್ತೆ.